ಹಳೆಯ ಪ್ರಿಂಟರಿಗೆ ಹೊಸ ವಿಳಾಸ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಇರುವ ಊರುಗಳು. ಈ ಮೂರರಲ್ಲಿ ಯಾವುದರ ಪೇಟೆಯಲ್ಲಿ ಬಸ್ಸಿಳಿದರೂ ‘ಜೆರಾಕ್ಸ್’ ಎಂಬ ಫಲಕ ಕಣ್ಣಿಗೆ ಬೀಳದೆ ಇರುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತ ಬಂದಿತು. ಭತ್ತದ ಹಿಂದೆ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಬ್ಯಾಂಕು ಬಂದವು. ಅವೆಲ್ಲವುಗಳ ಹಿಂದೆ ಕಾಗದ ಬಂದಿತು. ಪಹಣಿಯ ಪ್ರತಿ, ಮಗನ ಅಂಕಪಟ್ಟಿ, ಸಾಲದ ಅರ್ಜಿ, ಶಾಲೆಯ ಪ್ರಾಜೆಕ್ಟು, ಕವಿಗೋಷ್ಠಿಗೆ ಒಯ್ಯಬೇಕಾದ ಎರಡು ಪುಟದ ಕವಿತೆ ಇವೆಲ್ಲಕ್ಕೂ ನಾವು ಆ ಫಲಕದ ಕೆಳಗೆ ಸರದಿ ನಿಲ್ಲುತ್ತೇವೆ. ಮನೆಯಲ್ಲಿಯೇ ಒಂದು ಪ್ರಿಂಟರ್ ಇದ್ದರೆ ಎಂಬ ಯೋಚನೆ ಆ ಸರದಿಯಲ್ಲಿಯೇ ಹುಟ್ಟುವುದು. ಹೊಸದರ ಬೆಲೆ ಕೇಳಿದಾಗ ಆ ಯೋಚನೆ ಕೊಂಚ ಬಾಡುತ್ತದೆ. ಕಚೇರಿಯೊಂದು ತೆಗೆದುಹಾಕುತ್ತಿರುವ ಹಳೆಯದೊಂದು ಕಡಿಮೆ ಬೆಲೆಗೆ ಸಿಗುತ್ತದೆಂದು ಕೇಳಿದಾಗ ಮತ್ತೆ ಚಿಗುರುತ್ತದೆ. ಅಂಥ ಯಂತ್ರವನ್ನು ತಂದು ಮನೆಯ ಜಾಲಕ್ಕೆ ಜೋಡಿಸುವುದು ಹೇಗೆ ಎಂಬುದು ಇಂದಿನ ವಿಷಯ.

ಮೊದಲು ಯಂತ್ರದ ಕುಲವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಪೇಟೆಂಟ್ ಕಾಗದಗಳ ನಕಲು ತೆಗೆದು ತೆಗೆದು ಬೇಸತ್ತಿದ್ದ ಚೆಸ್ಟರ್ ಕಾರ್ಲ್‌ಸನ್ ಎಂಬಾತ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಗಂಧಕ ಲೇಪಿಸಿದ ಸತುವಿನ ತಗಡಿನ ಮೇಲೆ ಬೆಳಕು ಹಾಯಿಸಿ, ಪುಡಿ ಉದುರಿಸಿ, ಆ ದಿನದ ತಾರೀಖನ್ನೇ ಮೇಣದ ಕಾಗದದ ಮೇಲೆ ಮೂಡಿಸಿದನು. ಅದು ಪೇಟೆಗೆ ಬಂದು ನಿಂತುದು ಇಪ್ಪತ್ತೊಂದು ವರ್ಷಗಳ ಮೇಲೆ, 1959ರಲ್ಲಿ, ಜೆರಾಕ್ಸ್ 914 ಎಂಬ ಯಂತ್ರವಾಗಿ. ಮುಂದೆ ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಕನ್ನಡಿಯಿಂದ ಬಂದ ಬೆಳಕಿನ ಬದಲು ಲೇಸರ್ ಕಿರಣದಿಂದ ನೇರವಾಗಿ ಉರುಳೆಯ ಮೇಲೆ ಬರೆಯಿಸಿದರು. 1984ರಲ್ಲಿ ಎಚ್‌ಪಿ ಕಂಪನಿ ಕ್ಯಾನನ್ನಿನ ಒಡಲನ್ನು ಬಳಸಿ ಲೇಸರ್‌ಜೆಟ್ ಎಂಬ ಮೇಜಿನ ಮೇಲಿಡುವ ಯಂತ್ರವನ್ನು ತಂದಿತು. ಇಂದಿಗೂ ತತ್ತ್ವ ಅದೇ: ಬೆಳಕು ಬಿದ್ದೆಡೆ ಉರುಳೆಯ ವಿದ್ಯುದಂಶ ಬದಲಾಗುತ್ತದೆ, ಟೋನರ್ ಎಂಬ ಪುಡಿ ಅಕ್ಷರದ ಆಕಾರದಲ್ಲಿ ಅಂಟುತ್ತದೆ, ಅದನ್ನು ಕಾಗದ ಎತ್ತಿಕೊಳ್ಳುತ್ತದೆ, ಫ್ಯೂಸರ್ ಎಂಬ ಬಿಸಿ ಉರುಳೆ ಅದನ್ನು ಕರಗಿಸಿ ಕಾಗದಕ್ಕೆ ಬೆಸೆಯುತ್ತದೆ. ಅಂಗಡಿಯಿಂದ ಆಗತಾನೆ ತಂದ ಪ್ರತಿ ಕೈಗೆ ಬೆಚ್ಚಗೆ ತಾಗುವುದು ಇದರಿಂದಲೇ.

ಶಾಯಿ ಚಿಮ್ಮಿಸುವ ಇಂಕ್‌ಜೆಟ್ ಬೇರೆ ಕುಲದ್ದು. ವಾರಕ್ಕೊಮ್ಮೆ ಬಳಸುವ ಮನೆಯಲ್ಲಿ, ನಮ್ಮ ಒಣ ಬೇಸಗೆಯಲ್ಲಿ, ಅದರ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ ಕೂರುತ್ತದೆ. ಹಳೆಯ ಯಂತ್ರ ಕೊಳ್ಳುವುದಾದರೆ ಲೇಸರ್ ಯಂತ್ರವನ್ನೇ ಕೊಳ್ಳಬೇಕೆಂದು ನಾನು ಸ್ವಲ್ಪ ಹಟದಿಂದಲೇ ಹೇಳುತ್ತೇನೆ. ಪುಡಿ ಒಣಗುವುದಿಲ್ಲ; ಅದು ಮೊದಲೇ ಒಣಗಿದ್ದು.

ಕಚೇರಿಗಳು ಪ್ರಿಂಟರನ್ನು ಬಿಟ್ಟುಕೊಡುವುದು ಅದು ಕೆಟ್ಟಿತೆಂದೇ ಆಗಬೇಕಾಗಿಲ್ಲ. ಗುತ್ತಿಗೆಯ ಅವಧಿ ಮುಗಿದಿರಬಹುದು, ಬಣ್ಣದ್ದು ಬೇಕೆನಿಸಿರಬಹುದು, ಹೊಸ ಗಣಕಗಳೊಡನೆ ಹೊಸದೇ ಬಂದಿರಬಹುದು. ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ ಒಂದೇ: ಯಂತ್ರವನ್ನು ಚಾಲೂ ಮಾಡಿಸಿ, ಅದರ ಪಟ್ಟಿಯಿಂದ ‘ಕಾನ್ಫಿಗರೇಶನ್ ಪೇಜ್’ ಎಂಬ ಹಾಳೆಯನ್ನು ಮುದ್ರಿಸಿಕೊಳ್ಳುವುದು. ಇದನ್ನು ಯಂತ್ರದ ಜಾತಕವೆನ್ನಬಹುದು. ಆಡಿದ ಆಯುಸ್ಸು, ಬಲ್ಲ ಭಾಷೆಗಳು, ಇರುವ ವಿಳಾಸ ಎಲ್ಲವೂ ಅದೊಂದೇ ಹಾಳೆಯಲ್ಲಿರುತ್ತವೆ. ಕಚೇರಿ ದರ್ಜೆಯ ಕೆಲವು ಲೇಸರ್ ಮಾದರಿಗಳಲ್ಲಿ ಸುಮಾರು 2,00,000 ಪುಟಗಳಿಗೊಮ್ಮೆ ಫ್ಯೂಸರ್ ಮತ್ತು ಉರುಳೆಗಳ ಕಟ್ಟನ್ನು ಬದಲಿಸಬೇಕೆಂಬ ನಿಯಮವಿದೆ. ಅಂಥದೊಂದರ ಮೇಲೆ 60,000 ಪುಟ ಓಡಿದ್ದರೆ ಅಂಜಬೇಕಾಗಿಲ್ಲ. 1,90,000 ಓಡಿದ್ದರೆ ಬೆಲೆ ಇಳಿಸಲು ಆ ಹಾಳೆಯನ್ನೇ ತೋರಿಸಬಹುದು. ಕಾಗದ ಎಳೆಯುವ ರಬ್ಬರ್ ಉರುಳೆ ನುಣುಪಾಗಿ ಹೊಳೆಯುತ್ತಿದ್ದರೆ ಕಾಗದ ಸಿಕ್ಕಿಕೊಳ್ಳುತ್ತದೆಂದು ತಿಳಿಯಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಲಕಾಲ ನಡೆಯುತ್ತದೆ, ಆಮೇಲೆ ಬದಲಿಸಬೇಕು. ಆ ಬಿಡಿಭಾಗ ದುಬಾರಿಯಲ್ಲ. ಟೋನರ್ ಈಗಲೂ ದೊರೆಯುವ ಮಾದರಿಯೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಜಾತಕದಲ್ಲಿ ಇನ್ನೊಂದು ಮಾತಿಗೆ ಕಣ್ಣಿಡಬೇಕು. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದು ಬರೆದಿದೆಯೇ? ಇವು ಪ್ರಿಂಟರುಗಳು ಅರ್ಥಮಾಡಿಕೊಳ್ಳುವ ಭಾಷೆಗಳು. ಇವುಗಳಲ್ಲಿ ಒಂದನ್ನಾದರೂ ಬಲ್ಲ ಯಂತ್ರಕ್ಕೆ ಹದಿನೈದು ವರ್ಷವಾಗಿದ್ದರೂ ಇಂದಿನ ಗಣಕ ಅದರೊಡನೆ ಮಾತಾಡಬಲ್ಲದು. ಎಚ್‌ಪಿಯಂಥ ಕಂಪನಿಗಳು ಅನೇಕ ಮಾದರಿಗಳಿಗೆ ಒಪ್ಪುವ ಒಂದೇ ಸಾಮಾನ್ಯ ಡ್ರೈವರನ್ನೂ ಒದಗಿಸುತ್ತವೆ. ಕಡಿಮೆ ಬೆಲೆಯ ಕೆಲವು ಯಂತ್ರಗಳಿಗೆ ಸ್ವಂತ ಭಾಷೆ ಇರುವುದಿಲ್ಲ. ಅವು ತಯಾರಕರು ಕೊಟ್ಟ ಡ್ರೈವರನ್ನೇ ನಂಬಿ ಬದುಕುತ್ತವೆ. ತಯಾರಕರು ಹೊಸ ವಿಂಡೋಸಿಗೆ ಡ್ರೈವರ್ ಬರೆಯುವುದನ್ನು ನಿಲ್ಲಿಸಿದ ದಿನ, ಮೈಯಲ್ಲಿ ಯಾವ ರೋಗವೂ ಇಲ್ಲದೆ ಮೂಕವಾಗುತ್ತವೆ. ಗುಜರಿಯಲ್ಲಿ ಬಿದ್ದಿರುವ ಪ್ರಿಂಟರುಗಳ ನಡುವೆ ಇಂಥ ನಿರೋಗಿಗಳೂ ಇರುತ್ತವೆ.

ಯಂತ್ರ ಮನೆಗೆ ಬಂದಿತೆನ್ನೋಣ. ಎಲ್ಲಿಡಬೇಕು? ಕಿಟಕಿಯ ಬಳಿ ಬೇಡ. ಕರಿಮಣ್ಣಿನ ಸೀಮೆಯ ಧೂಳು ಗಾಜಿನ ಮೇಲೆ ಕೂತರೆ ಪುಟದ ಉದ್ದಕ್ಕೂ ಮಸುಕಾದ ಗೆರೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲು ನೇರವಾಗಿ ಬೀಳುವಲ್ಲಿ ಟೋನರ್ ಇಡಬಾರದು. ಅದು ಬಿಸಿಗೆ ಕರಗಲೆಂದೇ ಮಾಡಿದ ಪುಡಿ. ಚೆಲ್ಲಿದರೆ ತಣ್ಣೀರಿನ ಬಟ್ಟೆಯಿಂದ ಒರೆಸಬೇಕು, ಬಿಸಿನೀರಿನಿಂದ ಎಂದಿಗೂ ಅಲ್ಲ.

ಕರೆಂಟಿನ ವಿಷಯದಲ್ಲಿ ತುಸು ನಿಂತು ಹೇಳಬೇಕಾಗಿದೆ. ಫ್ಯೂಸರ್ ಸುಮಾರು 200 ಡಿಗ್ರಿಯವರೆಗೆ ಕಾಯಬೇಕಾದುದರಿಂದ, ಕಾಯುವ ಆ ಕ್ಷಣದಲ್ಲಿ ಕಚೇರಿಯ ಲೇಸರ್ ಯಂತ್ರ ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ತನ್ನು ಸೆಳೆಯಬಲ್ಲದು. ಗಣಕಕ್ಕೆಂದು ತಂದ ಚಿಕ್ಕ ಯುಪಿಎಸ್‌ಗೆ ಇದನ್ನು ಸಿಕ್ಕಿಸಿದರೆ ಯುಪಿಎಸ್ ಕಿರುಚಿ ಕೈಚೆಲ್ಲುತ್ತದೆ, ಜೊತೆಗೆ ಗಣಕವೂ ಆರುತ್ತದೆ. ಮನೆಯ ಸಾಮಾನ್ಯ ಇನ್ವರ್ಟರಿಗೂ ಇದು ಹೊರೆಯೇ. ಪ್ರಿಂಟರನ್ನು ನೇರವಾಗಿ ಗೋಡೆಯ ದಪ್ಪ ಸಾಕೆಟ್ಟಿಗೆ, ಬೇಕಿದ್ದರೆ ತಕ್ಕ ಶಕ್ತಿಯ ಸ್ಟೆಬಿಲೈಜರಿನ ಮೂಲಕ ಕೊಡಬೇಕು. ಇನ್ವರ್ಟರಿನ ಮೇಲೆ ಇರಬೇಕಾದುದು ರೂಟರ್. ಅದು ಸೆಳೆಯುವುದು ಒಂದು ಸಣ್ಣ ದೀಪದಷ್ಟು ಮಾತ್ರ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಕಚೇರಿ ಪ್ರಿಂಟರಿನ ಬೆನ್ನಿನಲ್ಲಿ ಸಾಮಾನ್ಯವಾಗಿ ಟೆಲಿಫೋನಿನದಕ್ಕಿಂತ ತುಸು ಅಗಲವಾದ ಒಂದು ಚೌಕ ತೂತು ಇರುತ್ತದೆ. ಅದು ಜಾಲದ ತಂತಿಯ ಬಾಯಿ. ಹಳೆಯವಕ್ಕೆ ವೈಫೈ ಇರುವುದಿಲ್ಲವೆಂದು ಅನೇಕರು ಅವನ್ನು ತಿರಸ್ಕರಿಸುತ್ತಾರೆ. ಇದು ಅನ್ಯಾಯ. ಫೈಬರ್ ಸಂಪರ್ಕದವರು ಮನೆಯಲ್ಲಿ ಕೂರಿಸಿಹೋದ ಪೆಟ್ಟಿಗೆಯ ಹಿಂದೆ ಅಂಥವೇ ಬಾಯಿಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದರಾಯಿತು. ಆ ಬಳಿಕ ವೈಫೈಯಲ್ಲಿರುವ ಲ್ಯಾಪ್‌ಟಾಪೂ ಅದೇ ಪ್ರಿಂಟರನ್ನು ತಲುಪುತ್ತದೆ. ಏಕೆಂದರೆ ತಂತಿಯದೂ ಗಾಳಿಯದೂ ಒಂದೇ ಜಾಲ, ನಡುವೆ ಇರುವುದು ಅದೇ ರೂಟರ್. ತಂತಿ 100 ಮೀಟರಿನವರೆಗೆ ಹೋಗಬಲ್ಲದು. ನಮ್ಮ ಮನೆಗಳಲ್ಲಿ ಅಷ್ಟು ದೂರದ ಕೋಣೆ ಇರುವುದು ದುರ್ಲಭ.

ತಂತಿ ಜೋಡಿಸಿದ ಮಾತ್ರಕ್ಕೆ ಪ್ರಿಂಟರ್ ಓಗೊಡುವುದೆಂದು ಭರವಸೆಯಿಲ್ಲ. ಕೊಂಡವರು ಎದೆಗುಂದುವುದು ಇಲ್ಲಿಯೇ. ಯಂತ್ರ ಹಾಳೆ ಹಾಕುತ್ತದೆ, ದೀಪ ಹಸಿರಾಗಿದೆ, ಆದರೆ ಗಣಕ ‘ಆಫ್‌ಲೈನ್’ ಎನ್ನುತ್ತದೆ. ಕಾರಣವನ್ನು ಮತ್ತೆ ಆ ಜಾತಕದಲ್ಲೇ ನೋಡಬೇಕು. ಜಾಲದ ಮೇಲಿನ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸವೆಂಬ ಒಂದು ಸಂಖ್ಯೆ ಇರಬೇಕು. ಅನೇಕ ಮನೆಗಳಲ್ಲಿ ರೂಟರಿನ ವಿಳಾಸ 192.168.1.1 ಎಂದಿರುತ್ತದೆ; ಉಳಿದವು 192.168.1 ಎಂಬುದನ್ನು ಓಣಿಯ ಹೆಸರಿನಂತೆ ಉಳಿಸಿಕೊಂಡು ಕಡೆಯ ಅಂಕಿಯನ್ನು ಮಾತ್ರ ಬದಲಿಸಿಕೊಳ್ಳುತ್ತವೆ. ನೀವು ತಂದ ಪ್ರಿಂಟರಿನ ಹಾಳೆಯ ಮೇಲೆ 10.0.5.40 ಎಂದೇನಾದರೂ ಇದ್ದರೆ, ಅದು ಇನ್ನೂ ಹಳೆಯ ಕಚೇರಿಯ ಓಣಿಯಲ್ಲಿಯೇ ಇದ್ದೇನೆಂದು ನಂಬಿಕೊಂಡಿದೆ ಎಂದರ್ಥ. ಕಚೇರಿಯವರು ಅದರ ವಿಳಾಸವನ್ನು ಕೈಯಿಂದ ಬರೆದು ಸ್ಥಿರಗೊಳಿಸಿದ್ದರು. ಯಂತ್ರ ಊರು ಬಿಟ್ಟರೂ ಅದನ್ನು ಬಿಟ್ಟಿಲ್ಲ.

ಊರು ಇದ್ದಲ್ಲಿಯೇ ಇದ್ದು ವಿಳಾಸ ಬದಲಾಗುವುದು ಈ ಸೀಮೆಯವರಿಗೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದರು. ಮಸ್ಕಿಯವರು ಬಹುಕಾಲ ಕಾಗದದ ಮೇಲೆ ‘ಲಿಂಗಸುಗೂರು ತಾಲ್ಲೂಕು’ ಎಂದು ಬರೆದು, ಈಚಿನ ವರ್ಷಗಳಲ್ಲಿ ತಮ್ಮ ಊರನ್ನೇ ತಾಲ್ಲೂಕಾಗಿ ಬರೆಯತೊಡಗಿದ್ದಾರೆ. ಪ್ರಿಂಟರಿನ ಕಥೆ ಇದರ ತಿರುವುಮುರುವು: ಅದು ಊರು ಬದಲಿಸಿದೆ, ವಿಳಾಸವನ್ನು ಮಾತ್ರ ಬದಲಿಸಿಲ್ಲ.

ಪರಿಹಾರ ಸುಲಭ. ಯಂತ್ರದ ಪಟ್ಟಿಯಲ್ಲಿ ಜಾಲದ ವಿಭಾಗಕ್ಕೆ ಹೋಗಿ, ಕೈಯಿಂದ ಬರೆದ ವಿಳಾಸವನ್ನು ತೆಗೆದು, ಡಿಎಚ್‌ಸಿಪಿ ಎಂಬುದನ್ನು ಆರಿಸಬೇಕು. ರೂಟರನ್ನೇ ವಿಳಾಸ ಕೇಳು ಎಂಬುದು ಇದರ ಅರ್ಥ. ಆ ಕಚೇರಿಯವರು ಪಟ್ಟಿಗೆ ಗುಪ್ತಪದದ ಬೀಗ ಹಾಕಿ ಮರೆತಿದ್ದರೆ, ಆ ಮಾದರಿಯ ಕೈಪಿಡಿಯಲ್ಲಿ ಹೇಳಿದಂತೆ ಯಂತ್ರವನ್ನು ಕಾರ್ಖಾನೆಯ ಮೂಲ ಸ್ಥಿತಿಗೆ ತರುವ ಕ್ರಮವನ್ನು ಅನುಸರಿಸಬೇಕಾಗುತ್ತದೆ. ಆಮೇಲೆ ಇನ್ನೊಮ್ಮೆ ಜಾತಕ ಮುದ್ರಿಸಿ ನೋಡಿದರೆ ಮನೆಯ ಓಣಿಯ ವಿಳಾಸ, 192.168.1.7 ಎಂಬಂಥದು, ಕಾಣುತ್ತದೆ.

ಇಲ್ಲಿಗೆ ಮುಗಿಯಿತೆಂದು ಅನೇಕರು ಬಿಡುತ್ತಾರೆ. ಎರಡು ವಾರ ಚೆನ್ನಾಗಿಯೇ ನಡೆಯುತ್ತದೆ. ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಗಿ ಬರುತ್ತದೆ. ಮನೆಯ ಯಂತ್ರಗಳೆಲ್ಲ ಒಟ್ಟಿಗೆ ಎದ್ದು ರೂಟರಿನ ಮುಂದೆ ವಿಳಾಸಕ್ಕೆ ಕೈಚಾಚುತ್ತವೆ. ಹಿಂದೆ ಯಾರಿಗೆ ಯಾವುದನ್ನು ಕೊಟ್ಟಿದ್ದೆನೆಂಬುದು ಕರೆಂಟಿನೊಡನೆ ಅನೇಕ ಅಗ್ಗದ ರೂಟರುಗಳ ನೆನಪಿನಿಂದ ಹೋಗಿಬಿಡುತ್ತದೆ. ನಿನ್ನೆ ಪ್ರಿಂಟರಿಗಿದ್ದ 7 ಎಂಬ ಅಂಕಿ ಇಂದು ಮಗಳ ಮೊಬೈಲಿಗೆ ಸಿಗುತ್ತದೆ, ಪ್ರಿಂಟರ್ 4 ಆಗಿ ಕುಳಿತಿರುತ್ತದೆ. ಗಣಕ ಮಾತ್ರ ಹಳೆಯ 7ರ ಬಾಗಿಲನ್ನೇ ತಟ್ಟುತ್ತ ‘ಆಫ್‌ಲೈನ್’ ಎಂದು ದೂರುತ್ತದೆ. ಮರುದಿನ ಬೆಳಿಗ್ಗೆ ಒಯ್ಯಬೇಕಾದ ಅರ್ಜಿ ಇರುವ ಮನೆಯಲ್ಲಿ ಆ ರಾತ್ರಿ ಯಾರಿಗೂ ಸಮಾಧಾನವಿರುವುದಿಲ್ಲ. ‘ಹಳೇ ಮಾಲು, ಕೈಕೊಟ್ಟಿತು’ ಎಂದು ಯಂತ್ರವನ್ನು ಅಟ್ಟಕ್ಕೇರಿಸುವುದೂ ಉಂಟು. ಯಂತ್ರಕ್ಕೆ ಏನೂ ಆಗಿರುವುದಿಲ್ಲ.

ಈ ಗೊಂದಲದ ಮೂಲ ತಿಳಿಯಲು ಮಸ್ಕಿಯ ಬಂಡೆಯೇ ಸಹಾಯಕ್ಕೆ ಬರುತ್ತದೆ. ಮೌರ್ಯ ಚಕ್ರವರ್ತಿಯ ಶಾಸನಗಳು ಅನೇಕ ಕಡೆ ದೊರೆತಿದ್ದವು. ಅವುಗಳಲ್ಲಿ ಇದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಅದು ಅಶೋಕನೇ ಎಂದು 19ನೆಯ ಶತಮಾನದ ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ತರ್ಕಿಸಿದ್ದರು. ಆದರೆ ‘ದೇವಾನಾಂಪ್ರಿಯ’ ಒಬ್ಬನ ಸ್ವತ್ತಲ್ಲ; ಸಿಂಹಳದ ತಿಸ್ಸನೂ, ಅಶೋಕನ ಮೊಮ್ಮಗ ದಶರಥನೂ ಅದನ್ನು ಧರಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಕೂಡಿಯೇ ಇತ್ತು. ಬಿರುದು ಯಾರದೆಂಬ ಪ್ರಶ್ನೆ ಅಲ್ಲಿಗೆ ನಿಂತಿತು.

ಐಪಿ ವಿಳಾಸ ಅಂಥ ಬಿರುದು: ಇಂದು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಹೆಸರು ಎಂಬುದು ಮ್ಯಾಕ್ ವಿಳಾಸ. ಕಾರ್ಖಾನೆಯಲ್ಲೇ ಪ್ರಿಂಟರಿನ ಜಾಲದ ಹಲಗೆಗೆ ಕೊಟ್ಟುಬಿಟ್ಟ ಹನ್ನೆರಡು ಅಕ್ಷರ-ಅಂಕಿಗಳ ಸಾಲು ಅದು. ಕರೆಂಟು ಹೋದರೂ ಊರು ಬದಲಿಸಿದರೂ ಸಾಮಾನ್ಯವಾಗಿ ಬದಲಾಗದು. ಜಾತಕದ ಹಾಳೆಯ ಮೇಲೆ ಅದೂ ಇರುತ್ತದೆ. ರೂಟರಿನ ಒಳಪುಟವನ್ನು ಗಣಕದ ಬ್ರೌಸರಿನಲ್ಲಿ ತೆರೆದು, ವಿಳಾಸ ಕಾಯ್ದಿರಿಸುವ ಅಂಕಣದಲ್ಲಿ ಈ ಹೆಸರಿಗೆ ಈ ಅಂಕಿಯೇ ಎಂದು ಒಮ್ಮೆ ಬರೆದಿಟ್ಟರೆ, ಮಸ್ಕಿಯ ಕಲ್ಲಿನಂತೆ ಹೆಸರನ್ನೂ ಬಿರುದನ್ನೂ ಒಟ್ಟಿಗೆ ಕೆತ್ತಿದಂತಾಯಿತು. ಮುಂದೆ ಎಷ್ಟು ಸಲ ಕರೆಂಟು ಹೋದರೂ ಪ್ರಿಂಟರಿಗೆ ಅದೇ ಅಂಕಿ ಬರುತ್ತದೆ. ಕೆಲವು ರೂಟರುಗಳಲ್ಲಿ ಈ ಅಂಕಣ ಇರುವುದಿಲ್ಲ. ಆಗ ರೂಟರ್ ಹಂಚುವ ಅಂಕಿಗಳ ಸಾಲಿನಿಂದ ಹೊರಗಿನ ಒಂದನ್ನು, ಉದಾಹರಣೆಗೆ 2ರಿಂದ 200ರವರೆಗೆ ಹಂಚುತ್ತಿದ್ದರೆ 240ನ್ನು, ಪ್ರಿಂಟರಿನಲ್ಲಿಯೇ ಕೈಯಿಂದ ಬರೆಯಬೇಕು. ಇನ್ವರ್ಟರಿನ ಮೇಲೆ ರೂಟರ್ ಇರಲೆಂದು ಹೇಳಿದ್ದೂ ಇದಕ್ಕಾಗಿಯೇ: ವಿಳಾಸ ಹಂಚುವವನು ಎಚ್ಚರವಾಗಿದ್ದರೆ ಹಂಚಿಕೆಯ ಪಟ್ಟಿಯೂ ಉಳಿಯುತ್ತದೆ.

ಗಣಕಕ್ಕೆ ಪ್ರಿಂಟರನ್ನು ಸೇರಿಸುವಾಗಲೂ ತಾನಾಗಿ ಹುಡುಕಿ ತೋರಿಸಿದ ಹೆಸರನ್ನು ಒತ್ತಿಬಿಡುವ ಬದಲು, ‘ಐಪಿ ವಿಳಾಸದಿಂದ ಸೇರಿಸು’ ಎಂಬ ದಾರಿಯನ್ನು ಹಿಡಿದು ಆ ಅಂಕಿಯನ್ನೇ ಕೊಡುವುದು ಒಳಿತು. ಹೆಚ್ಚಿನ ಕಚೇರಿ ಪ್ರಿಂಟರುಗಳು 9100 ಎಂಬ ಸಂಖ್ಯೆಯ ಬಾಗಿಲಲ್ಲಿ ಕಾದಿರುತ್ತವೆ. ಗಣಕ ತಾನೇ ಅದನ್ನು ತುಂಬಿಕೊಳ್ಳುತ್ತದೆ. ಮೊಬೈಲಿನ ಮಾತು ಬೇರೆ. ಆಪಲ್ ಕಂಪನಿಯ ಏರ್‌ಪ್ರಿಂಟ್ 2010ರಲ್ಲಿ ಬಂದುದು. ಅದಕ್ಕಿಂತ ಹಳೆಯ ಯಂತ್ರಗಳಿಗೆ ಮೊಬೈಲಿನ ಭಾಷೆ ತಿಳಿಯದು. ಮನೆಯಲ್ಲಿ ಹಳೆಯ ಗಣಕವೊಂದಿದ್ದರೆ ಅದಕ್ಕೆ ಲಿನಕ್ಸ್ ಹಾಕಿ, ಕಪ್ಸ್ ಎಂಬ ಉಚಿತ ತಂತ್ರಾಂಶವನ್ನು ನಡೆಸಿ, ದುಭಾಷಿಯನ್ನಾಗಿ ನಿಲ್ಲಿಸಬಹುದು. ಮೊಬೈಲ್ ಅದಕ್ಕೆ ಹೇಳುತ್ತದೆ, ಅದು ಪ್ರಿಂಟರಿಗೆ ಹೇಳುತ್ತದೆ. ಇಷ್ಟಾದರೂ ಮೊಬೈಲಿಗೆ ಪ್ರಿಂಟರ್ ಕಾಣದಿದ್ದರೆ ಅದು ರೂಟರಿನ ‘ಅತಿಥಿ’ ಜಾಲದಲ್ಲಿ ಇದೆಯೇ ಎಂದು ನೋಡಬೇಕು. ಅತಿಥಿಗಳನ್ನು ಪಡಸಾಲೆಯಿಂದ ಒಳಗೆ ಬಿಡುವುದಿಲ್ಲ.

ಈಗ ನಮ್ಮ ಅಕ್ಷರಗಳ ವಿಷಯ. ಹಳೆಯ ಕಚೇರಿ ಪ್ರಿಂಟರಿನ ಹೊಟ್ಟೆಯಲ್ಲಿ ರೋಮನ್ ಅಕ್ಷರಗಳ ಕೆಲವು ಅಚ್ಚುಗಳಿರುತ್ತವೆ. ಕನ್ನಡದ್ದು ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಕನ್ನಡ ಅಚ್ಚುಕಟ್ಟಾಗಿ ಬರುತ್ತದೆ. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನು ಕೂಡಿಸುವ ಕೆಲಸವೆಲ್ಲ ಗಣಕದಲ್ಲಿಯೇ ಮುಗಿದು, ಪ್ರಿಂಟರಿಗೆ ಹೋಗುವುದು ಆಕಾರಗಳು ಮಾತ್ರ. ಅದು ಏನು ಬರೆಯುತ್ತಿದ್ದೇನೆಂದು ತಿಳಿಯದೆಯೇ ಕಂಡಂತೆ ಬರೆಯುವ ಲಿಪಿಕಾರ. ಎಡವಟ್ಟಾಗುವುದು ಬೇರೆ ಕಡೆ. ಕನ್ನಡ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನ ಪಡೆದರೂ, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರಹಗಳು ನಮ್ಮಲ್ಲಿ ಹೇರಳ. ಅವು ಮೂಲತಃ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದಂಥವು. ಆ ಶೈಲಿ ಇಲ್ಲದ ಗಣಕದಿಂದ ಮುದ್ರಿಸಿದರೆ ವೇಷ ಕಳಚಿ, ಕವಿತೆಯ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ. ತಪ್ಪು ಪ್ರಿಂಟರಿನದೆಂದು ಬೈದು ಫಲವಿಲ್ಲ. ಬೆರಳಚ್ಚು ಮಾಡಿದ ಗಣಕದಲ್ಲಿಯೇ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಮಾಡಿ ತರಬೇಕು. ಪರದೆಯ ಮೇಲೆ ಸರಿಯಾಗಿದ್ದು ಕಾಗದದ ಮೇಲೆ ಮಾತ್ರ ಅಕ್ಷರ ಚದುರಿದರೆ, ಅಕ್ರೋಬ್ಯಾಟ್ ರೀಡರಿನ ಮುದ್ರಣದ ಆಯ್ಕೆಗಳಲ್ಲಿ ‘ಚಿತ್ರವಾಗಿ ಮುದ್ರಿಸು’ ಎಂಬುದೊಂದಿದೆ. ಅದನ್ನು ಗುರುತು ಮಾಡಬೇಕು. ಪುಟ ತುಸು ನಿಧಾನವಾಗಿ ಬಂದರೂ ಅಕ್ಷರ ಅಕ್ಷರವಾಗಿಯೇ ಬರುತ್ತದೆ.

ಸ್ಕ್ಯಾನ್, ನಕಲು, ಮುದ್ರಣ ಎಲ್ಲವನ್ನೂ ಮಾಡುವ ದೊಡ್ಡ ಯಂತ್ರವನ್ನು ತಂದವರಿಗೆ ಇನ್ನೊಂದು ಮಾತು ಹೇಳದೆ ಮುಗಿಸಲಾಗದು. ಅವುಗಳಲ್ಲಿ ಅನೇಕದರೊಳಗೆ ಗಣಕದಲ್ಲಿರುವಂಥದೇ ಒಂದು ಹಾರ್ಡ್ ಡಿಸ್ಕ್ ಇರುತ್ತದೆ. ಹಾದುಹೋದ ಕಾಗದಗಳ ಚಿತ್ರಗಳು, ಕಳಿಸಿದ ವಿಳಾಸಗಳ ಪಟ್ಟಿ, ಕೆಲವೊಮ್ಮೆ ಗುಪ್ತಪದಗಳು ಕೂಡ ಅದರಲ್ಲಿ ಉಳಿದಿರಬಹುದು. ಸಾಲಗಾರರ ಪಹಣಿ, ಆಧಾರ್, ಸಹಿಗಳೆಲ್ಲ ಹಾದುಹೋಗಿದ್ದ ಯಂತ್ರವೆಂದರೆ ಬೇರೆಯವರ ಮನೆಯ ಕಾಗದದ ಪೆಟ್ಟಿಗೆಯನ್ನೇ ನಾವು ಹೊತ್ತು ತಂದಂತೆ. ಅಳಿಸಿ ಕೊಡಬೇಕಾದುದು ಮಾರುವ ಕಚೇರಿಯ ಹೊಣೆ. ಅವರು ಅಳಿಸಿರುವುದಿಲ್ಲವೆಂದೇ ಎಣಿಸಿ, ಕೊಂಡವರು ಮೊದಲ ದಿನವೇ ಯಂತ್ರದ ಪಟ್ಟಿಯಲ್ಲಿರುವ ‘ಡಿಸ್ಕ್ ಅಳಿಸು’ ಎಂಬ ಕ್ರಮವನ್ನು ನಡೆಸಬೇಕು. ಒಳಗಿರುವುದನ್ನು ಕುತೂಹಲಕ್ಕೂ ತೆರೆದು ನೋಡಬಾರದು.

ಪ್ರಿಂಟರಿಗೂ ಗಣಕದ ಬ್ರೌಸರಿನಲ್ಲಿ ತೆರೆಯುವ ಒಂದು ಒಳಪುಟ ಇರುತ್ತದೆ. ಅದಕ್ಕೆ ಹೊಸ ಗುಪ್ತಪದ ಇಡಬೇಕು. ಊರಿಗೆ ಹೋದಾಗಲೂ ಮನೆಯ ಪ್ರಿಂಟರಿಗೆ ಕಾಗದ ಕಳಿಸಬೇಕೆಂಬ ಆಸೆಯಿಂದ ರೂಟರಿನಲ್ಲಿ 9100ರ ಬಾಗಿಲನ್ನು ಹೊರಲೋಕಕ್ಕೆ ತೆರೆಯುವ ಸಾಹಸ ಸಲ್ಲದು. 2018ರ ನವೆಂಬರಿನಲ್ಲಿ ಒಬ್ಬಾತ ಹೀಗೆ ತೆರೆದಿದ್ದ ಸಾವಿರಾರು ಪ್ರಿಂಟರುಗಳನ್ನು ದೂರದಿಂದಲೇ ಹುಡುಕಿ, ತನ್ನ ಮೆಚ್ಚಿನ ಯೂಟ್ಯೂಬ್ ವಾಹಿನಿಗೆ ಚಂದಾದಾರರಾಗಿರೆಂಬ ಕರಪತ್ರವನ್ನು ಅವುಗಳಿಂದ ಮುದ್ರಿಸಿದನು. ಖರ್ಚಾದ ಕಾಗದವೂ ಟೋನರೂ ಮನೆಯವರವೇ.

ಎಲ್ಲವನ್ನೂ ಜೋಡಿಸಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಮನೆಯ ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಎರಡು ನಿಮಿಷ ಆರಿಸಿ, ಮತ್ತೆ ಹಾಕಿ, ರೂಟರಿಗೆ ಏಳಲು ಸಮಯ ಕೊಟ್ಟು, ಒಂದು ಪುಟ ಕಳಿಸಬೇಕು. ಬಂದರೆ ಕೆಲಸವಾದಂತೆ. ಆಮೇಲೆ ವಿಳಾಸ, ಮ್ಯಾಕ್ ಸಾಲು, ಟೋನರಿನ ಸಂಖ್ಯೆ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕಾಗದದ ತಟ್ಟೆಯ ಒಳಬದಿಗೆ ಅಂಟಿಸಿಡಬೇಕು. ಜಾತಕದ ಹಾಳೆಯನ್ನು ಮನೆಯ ಕಾಗದಪತ್ರಗಳೊಡನೆ ಇಟ್ಟರೂ ಆದೀತು.